ಬಿಸಿಲು ಏರಿದಷ್ಟೂ ಗಾಳಿ ಏರುತ್ತದೆಯೇ? ವಿಂಡ್‌ಸರ್ಫಿಂಗ್ ಬಗ್ಗೆ ಓಡಾಡುವ ಒಂದು ಅರ್ಧಸತ್ಯ

"ಇವತ್ತು ದಾಖಲೆ ಬಿಸಿಲು. ಬಿಸಿ ಹೆಚ್ಚಿದ್ದರೆ ಗಾಳಿಯೂ ಹೆಚ್ಚು. ನೀರಿಗಿಳಿಯಲು ಇದಕ್ಕಿಂತ ಒಳ್ಳೆಯ ದಿನ ಬೇಕೇ?"

ಬೇಸಿಗೆಯಲ್ಲಿ ಇಂಥ ಮಾತು ಸುಲಭವಾಗಿ ಫಾರ್ವರ್ಡ್ ಆಗುತ್ತದೆ. ಕೇಳಲು ವಿಜ್ಞಾನದಂತೆಯೇ ಇದೆ. ನೆಲ ಕಾಯುತ್ತದೆ, ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ತಂಪು ಗಾಳಿ ನುಗ್ಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಹೆಚ್ಚು ಬಿಸಿಲು ಎಂದರೆ ಹೆಚ್ಚು ಗಾಳಿ ಇರಲೇಬೇಕಲ್ಲ?

ಇಲ್ಲ. ಈ ಮಾತು ಅರ್ಧ ಮಾತ್ರ ನಿಜ. ಉಳಿದ ಅರ್ಧ ಗೊತ್ತಿಲ್ಲದೆ ನೀರಿಗಿಳಿದವರು ನದಿಯ ನಡುವೆ ಸಿಕ್ಕಿಕೊಳ್ಳಬಹುದು, ಸಮುದ್ರದತ್ತ ಕೊಚ್ಚಿಹೋಗಬಹುದು. ಅಮೆರಿಕದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ, ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಮಕ್ಕಳು ಕೆಲಸದಲ್ಲಿರುವ ಕನ್ನಡ ಕುಟುಂಬಗಳು ಅನೇಕ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿಬರುವವರೂ ಅನೇಕ. ಜಗತ್ತಿನ ಹೆಸರಾಂತ ವಿಂಡ್‌ಸರ್ಫಿಂಗ್ ತಾಣಗಳಲ್ಲಿ ಎರಡು ಈ ಊರುಗಳ ಹತ್ತಿರವೇ ಇವೆ. ಆದ್ದರಿಂದ ಆ ಎರಡು ತಾಣಗಳನ್ನೇ ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ಚಿಕ್ಕ ಉತ್ತರ

ಗಾಳಿಯನ್ನು ಹುಟ್ಟಿಸುವುದು ಬಿಸಿಯಲ್ಲ, ಬಿಸಿಯಲ್ಲಿರುವ ವ್ಯತ್ಯಾಸ. ಒಂದು ಕಡೆ ಬಿಸಿ, ಪಕ್ಕದಲ್ಲಿ ತಂಪು ಇದ್ದರೆ ಗಾಳಿ ಬೀಸುತ್ತದೆ. ಎರಡೂ ಕಡೆ ಒಂದೇ ಸಮ ಕಾದರೆ ಗಾಳಿ ನಿಲ್ಲುತ್ತದೆ. ತಂಪಿರಬೇಕಾದ ಕಡೆಯೇ ಹೆಚ್ಚು ಕಾದರೆ ಗಾಳಿ ಉಲ್ಟಾ ಬೀಸಲೂಬಹುದು. ಅಸಹಜ ಬೇಸಿಗೆಗಳಲ್ಲಿ ಆಗುವುದು ಇದೇ.

ವಿಂಡ್‌ಸರ್ಫಿಂಗ್ ಎಂದರೇನು?

ನೀರಿನ ಮೇಲೆ ತೇಲುವ ಒಂದು ಹಲಗೆ. ಅದರ ಮೇಲೆ ಯಾವ ದಿಕ್ಕಿಗೆ ಬೇಕಾದರೂ ಬಾಗುವ ಕಂಬ. ಕಂಬಕ್ಕೆ ಒಂದು ಹಾಯಿ. ಹಲಗೆಯ ಮೇಲೆ ನಿಂತವರು ಹಾಯಿಯನ್ನು ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಜಾರುತ್ತಾರೆ. ಮೋಟಾರ್ ಇಲ್ಲ, ಹುಟ್ಟು ಇಲ್ಲ. ಕ್ಯಾಲಿಫೋರ್ನಿಯಾದ ಹೋಯ್ಲ್ ಶ್ವೈಟ್ಸರ್ ಮತ್ತು ಜಿಮ್ ಡ್ರೇಕ್ 1968ರಲ್ಲಿ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದರು. 1984ರಲ್ಲಿ ಇದು ಒಲಿಂಪಿಕ್ ಕ್ರೀಡೆಯಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಲೆಕ್ಕವಿದೆ. ಹಾಯಿಯ ಮೇಲೆ ಬೀಳುವ ಬಲ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಗಂಟೆಗೆ 28 ಕಿ.ಮೀ. ಇದ್ದ ಗಾಳಿ 56 ಕಿ.ಮೀ. ಆದರೆ ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಅನುಭವಿಗಳು ಮೂರು ನಾಲ್ಕು ಅಳತೆಯ ಹಾಯಿಗಳನ್ನು ಜೊತೆಗೆ ಒಯ್ಯುತ್ತಾರೆ. ಸಣ್ಣ ಗಾಳಿಗೆ ದೊಡ್ಡ ಹಾಯಿ, ದೊಡ್ಡ ಗಾಳಿಗೆ ಸಣ್ಣ ಹಾಯಿ. ದೊಡ್ಡ ಹಾಯಿ ಹಿಡಿದು ನೀರಿನ ಮಧ್ಯ ಇದ್ದಾಗ ಗಾಳಿ ಇದ್ದಕ್ಕಿದ್ದಂತೆ ಎರಡು ಪಟ್ಟಾದರೆ ಏನಾಗಬಹುದು ಎಂದು ಊಹಿಸಿಕೊಳ್ಳಿ. ಈ ಲೆಕ್ಕ ಮುಂದೆ ಮತ್ತೆ ಬರುತ್ತದೆ.

ಕೊಲಂಬಿಯಾ ಕಣಿವೆಯಲ್ಲಿ ಇಷ್ಟು ಗಾಳಿ ಏಕೆ?

ಆರೆಗನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಲ್ಲಿ ಕೊಲಂಬಿಯಾ ನದಿ ಕ್ಯಾಸ್ಕೇಡ್ ಪರ್ವತಸಾಲನ್ನು ಸೀಳಿಕೊಂಡು ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದತ್ತ ಹರಿಯುತ್ತದೆ. ಹಾಗೆ ಸೀಳಿದ ಕಣಿವೆ ಸುಮಾರು 130 ಕಿ.ಮೀ. ಉದ್ದವಿದೆ. ಕೆಲವೆಡೆ ಆಳ 1,200 ಮೀಟರ್ ಮುಟ್ಟುತ್ತದೆ. ಇದರ ಮಧ್ಯದಲ್ಲಿರುವ ಹುಡ್ ರಿವರ್ ಎಂಬ ಪುಟ್ಟ ಊರು 1980ರ ದಶಕದಿಂದ ವಿಂಡ್‌ಸರ್ಫಿಂಗ್‌ಗೆ ಹೆಸರಾಗಿದೆ. ಪೋರ್ಟ್‌ಲ್ಯಾಂಡ್‌ನಿಂದ ಅಲ್ಲಿಗೆ ಸುಮಾರು 100 ಕಿ.ಮೀ.

ಕಣಿವೆಯ ಎರಡು ತುದಿಗಳ ಹವೆ ಎಷ್ಟು ಬೇರೆ ಎಂದು ಮಳೆಯ ಲೆಕ್ಕವೇ ಹೇಳುತ್ತದೆ. ಪಶ್ಚಿಮದ ಕ್ಯಾಸ್ಕೇಡ್ ಲಾಕ್ಸ್ ಊರಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆಯಾದರೆ, ಪೂರ್ವದ ದಿ ಡಾಲ್ಸ್ ಊರಲ್ಲಿ ಸುಮಾರು 350 ಮಿ.ಮೀ. ಮಾತ್ರ. ಎರಡಕ್ಕೂ ನಡುವಿನ ದೂರ 70 ಕಿ.ಮೀ. ಒಳಗೇ. ಮಲೆನಾಡಿನಿಂದ ಹೊರಟು ಒಂದೇ ತಾಸಿನಲ್ಲಿ ಬಯಲುಸೀಮೆಗೆ ಇಳಿದಂತೆ.

ಸಾಮಾನ್ಯ ಬೇಸಿಗೆಯಲ್ಲಿ ನಡೆಯುವುದು ಹೀಗೆ. ಪೆಸಿಫಿಕ್ ಕರಾವಳಿಯಲ್ಲಿ ಸಮುದ್ರದಿಂದ ಬಂದ ತಂಪು, ಭಾರದ ಗಾಳಿ ಪದರವಾಗಿ ಕೂರುತ್ತದೆ. ಪರ್ವತದಾಚೆ, ಪೂರ್ವದ ಒಣ ಬಯಲು ಬಿಸಿಲಿಗೆ ಕಾದು, ಅಲ್ಲಿಯ ಗಾಳಿ ಹಗುರಾಗಿ ಒತ್ತಡ ಕುಸಿಯುತ್ತದೆ. ಪಶ್ಚಿಮದಲ್ಲಿ ಒತ್ತಡ ಹೆಚ್ಚು, ಪೂರ್ವದಲ್ಲಿ ಕಡಿಮೆ. ಭಾರದ ಗಾಳಿ ಪರ್ವತ ಹತ್ತಲಾರದು. ಹಾಗಾಗಿ ಇದ್ದೊಂದೇ ಸಂದಿಯಾದ ಕಣಿವೆಯೊಳಗೆ ನುಗ್ಗುತ್ತದೆ.

ನಮ್ಮಲ್ಲೂ ಇದಕ್ಕೆ ಹೋಲಿಕೆ ಇದೆ. ಪಶ್ಚಿಮ ಘಟ್ಟದಲ್ಲಿರುವ ಪಾಲಕ್ಕಾಡ್ ಸಂದಿಯ ಮೂಲಕ ಮುಂಗಾರಿನ ಗಾಳಿ ನುಗ್ಗುವುದರಿಂದಲೇ ಕೊಯಮತ್ತೂರು ಕಡೆಯ ಬಯಲಲ್ಲಿ ಅಷ್ಟೊಂದು ಗಾಳಿಯಂತ್ರಗಳಿವೆ. ಕೊಲಂಬಿಯಾ ಕಣಿವೆಯ ಪೂರ್ವದ ಬಯಲಲ್ಲೂ ಗಾಳಿಯಂತ್ರಗಳ ಸಾಲೇ ಇದೆ.

ಇನ್ನೊಂದು ವಿಶೇಷವಿದೆ. ನದಿ ಪಶ್ಚಿಮಕ್ಕೆ ಹರಿದರೆ ಬೇಸಿಗೆಯ ಗಾಳಿ ಪೂರ್ವಕ್ಕೆ ಬೀಸುತ್ತದೆ. ಎರಡೂ ಎದುರುಬದುರು. ಇದರಿಂದ ನದಿಯಲ್ಲೇ ಸಮುದ್ರದಂಥ ಅಲೆಗಳು ಏಳುತ್ತವೆ. ಜೊತೆಗೆ ಒಂದು ರಕ್ಷಣೆಯೂ ಸಿಗುತ್ತದೆ. ಗಾಳಿ ಒಂದು ಕಡೆ ತಳ್ಳಿದರೆ ಹರಿವು ಇನ್ನೊಂದು ಕಡೆ ಎಳೆಯುತ್ತದೆ. ಬಿದ್ದವರು ಹೊರಟ ಜಾಗದಿಂದ ತೀರಾ ದೂರ ಹೋಗುವುದಿಲ್ಲ.

ಒಂದು ಸಣ್ಣ ಗೊಂದಲ ಇಲ್ಲೇ ಬಗೆಹರಿಸೋಣ. "ಪಡುವಣ ಗಾಳಿ" ಎಂದರೆ ಪಶ್ಚಿಮಕ್ಕೆ ಹೋಗುವ ಗಾಳಿ ಅಲ್ಲ, ಪಶ್ಚಿಮದಿಂದ ಬರುವ ಗಾಳಿ. ಗಾಳಿಗೆ ಅದು ಎಲ್ಲಿಂದ ಬರುತ್ತದೋ ಆ ದಿಕ್ಕಿನ ಹೆಸರು. ಹವಾಮಾನ ಆ್ಯಪ್‌ಗಳಲ್ಲೂ ಇದೇ ರೂಢಿ. ಬಾಣದ ಗುರುತನ್ನು ಉಲ್ಟಾ ಓದಿಕೊಂಡರೆ ಗಾಳಿ ದಡದತ್ತ ತರುತ್ತದೋ ದಡದಿಂದ ದೂರ ಒಯ್ಯುತ್ತದೋ ಎಂಬುದೇ ತಪ್ಪಾಗುತ್ತದೆ.

2021ರ ಜೂನ್: ಎಲ್ಲೆಲ್ಲೂ ಕಾದಾಗ ಏನಾಯಿತು?

ಜೂನ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡ್‌ನ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸು. 2021ರಲ್ಲಿ ಜೂನ್ 26ರಂದು ಅದು 42 ಡಿಗ್ರಿ ದಾಟಿ ಹಳೆಯ ದಾಖಲೆ ಮುರಿಯಿತು. ಮರುದಿನ 44 ಡಿಗ್ರಿ ದಾಟಿತು. ಜೂನ್ 28ರಂದು 46.7 ಡಿಗ್ರಿ ಮುಟ್ಟಿತು. ಹೋಲಿಕೆಗೆ ಹೇಳುವುದಾದರೆ, 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡ ದಾಖಲೆ ಬಿಸಿಲು 39.2 ಡಿಗ್ರಿ. ಪೋರ್ಟ್‌ಲ್ಯಾಂಡ್‌ನ ಎಷ್ಟೋ ಮನೆಗಳಲ್ಲಿ ಎಸಿಯೇ ಇರಲಿಲ್ಲ. ಗಡಿಯಾಚೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಈ ಬಿಸಿಲಲೆಗೆ 619 ಜನ ಬಲಿಯಾದರು ಎಂದು ಅಲ್ಲಿಯ ಅಧಿಕೃತ ವರದಿ ಹೇಳಿತು.

ಇದನ್ನು ಹೀಟ್ ಡೋಮ್ ಎಂದು ಕರೆಯುತ್ತಾರೆ. ಮೇಲಿನ ವಾತಾವರಣದಲ್ಲಿ ಭಾರಿ ಒತ್ತಡದ ವಲಯವೊಂದು ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂತುಬಿಡುತ್ತದೆ. ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುವಾಗ ಒತ್ತಿಕೊಂಡು ಬಿಸಿಯಾಗುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ತತ್ವ. ಪೂರ್ವದಿಂದ ಕ್ಯಾಸ್ಕೇಡ್ ದಾಟಿ ಇಳಿದುಬರುವ ಗಾಳಿಯೂ ಹೀಗೆಯೇ ಇನ್ನಷ್ಟು ಕಾಯುತ್ತದೆ.

ಇಂಥ ಸ್ಥಿತಿ ಬಂದಾಗ ಗಾಳಿಯ ಕಥೆ ಮೂರು ಹಂತಗಳಲ್ಲಿ ಸಾಗುತ್ತದೆ.

ಮೊದಲ ಹಂತ: ದಿಕ್ಕು ಬದಲು. ಪೂರ್ವದ ಬಯಲಿನ ಮೇಲೆ ಇರಬೇಕಾದ ಕಡಿಮೆ ಒತ್ತಡದ ಪಟ್ಟಿ ಪರ್ವತ ದಾಟಿ ಪಶ್ಚಿಮಕ್ಕೆ ಬಂದು ಕೂರುತ್ತದೆ. ಈಗ ತಂಪಿನ ಕಡೆ, ಬಿಸಿಯ ಕಡೆ ಎಂಬುದು ಅದಲುಬದಲಾಗುತ್ತದೆ. ಕಣಿವೆಯಲ್ಲಿ ಪಡುವಣ ಗಾಳಿ ನಿಂತು ಮೂಡಣ ಗಾಳಿ ಶುರುವಾಗಬಹುದು. ಆಗ ಗಾಳಿ ಮತ್ತು ಹರಿವು ಎರಡೂ ಒಂದೇ ದಿಕ್ಕಿಗೆ. ಅಲೆಗಳಿಲ್ಲ, ಹಿಂದೆ ಹೇಳಿದ ರಕ್ಷಣೆಯೂ ಇಲ್ಲ. ಹಾಯಿ ಮುರಿದರೆ ಎರಡೂ ಸೇರಿ ಕೆಳಕ್ಕೆ ಒಯ್ಯುತ್ತವೆ.

ಎರಡನೇ ಹಂತ: ಸ್ತಬ್ಧ. ಕರಾವಳಿಯ ಕಡೆಯೂ ಕಾದಿದೆ, ಒಳನಾಡೂ ಕಾದಿದೆ. ಒತ್ತಡದ ವ್ಯತ್ಯಾಸ ಉಳಿದಿಲ್ಲ. ಅಂಥ ಸುಡುಬಿಸಿಲಿನ ನಡುಮಧ್ಯಾಹ್ನ ನದಿ ಕನ್ನಡಿಯಂತೆ ಇರಬಹುದು. ಫಾರ್ವರ್ಡ್ ಹೇಳುವ ಲೆಕ್ಕದಂತೆ ಅತಿ ಹೆಚ್ಚು ಗಾಳಿ ಇರಬೇಕಾದ ಹೊತ್ತಿನಲ್ಲಿ ಹಾಯಿ ಜೋತುಬಿದ್ದಿರುತ್ತದೆ.

ಮೂರನೇ ಹಂತ: ನುಗ್ಗುವಿಕೆ. ಮುಚ್ಚಳ ಸರಿದ ಕೂಡಲೇ ಕರಾವಳಿಯಲ್ಲಿ ಕಾದು ನಿಂತಿದ್ದ ಸಮುದ್ರದ ತಂಪು ಗಾಳಿ ಒಳಗೆ ನುಗ್ಗುತ್ತದೆ. ಒಳನಾಡು ಇನ್ನೂ ಕುದಿಯುತ್ತಿರುತ್ತದೆ. ವ್ಯತ್ಯಾಸ ಅತಿ ಹೆಚ್ಚಾಗಿರುವ ಗಳಿಗೆ ಇದೇ. ಸ್ವಲ್ಪ ಹೊತ್ತಿನ ಮುಂಚೆ ಏನೂ ಇಲ್ಲದ ಕಡೆ ರಭಸದ ಗಾಳಿ ಏಳಬಹುದು. 2021ರಲ್ಲೂ ಪೋರ್ಟ್‌ಲ್ಯಾಂಡ್‌ಗೆ ಉಸಿರು ಮರಳಿದ್ದು ಜೂನ್ 28ರ ಸಂಜೆಯ ಹೊತ್ತಿಗೆ ಹೀಗೆ ಬಂದ ಸಮುದ್ರದ ಗಾಳಿಯಿಂದಲೇ.

ಅಪಾಯ ಹೆಚ್ಚಿರುವುದು ಈ ಮೂರನೇ ಹಂತದಲ್ಲಿ. "ಇವತ್ತು ಗಾಳಿಯೇ ಇಲ್ಲ" ಎಂದು ಹೊಸಬರು ದೊಡ್ಡ ಹಾಯಿ ಹಿಡಿದು, ಇಲ್ಲವೇ ಗಾಳಿ ತುಂಬಿದ ಹಗುರ ಬೋರ್ಡ್ ಮೇಲೆ ಕೂತು ನದಿಯ ನಡುವೆ ಹೋಗಿರುತ್ತಾರೆ. ಆಗಲೇ ಗಾಳಿ ಎರಡು ಪಟ್ಟಾಗುತ್ತದೆ, ಬಲ ನಾಲ್ಕು ಪಟ್ಟಾಗುತ್ತದೆ. ಅನುಭವಿಗಳು ಇದೇ ಗಾಳಿಗೆ ದಡದಲ್ಲಿ ಸಣ್ಣ ಹಾಯಿ ಕಟ್ಟಿಕೊಂಡು ಕಾಯುತ್ತಿರುತ್ತಾರೆ. ಅದೇ ನದಿ, ಅದೇ ಗಾಳಿ. ಒಬ್ಬರಿಗೆ ಅದು ಹಬ್ಬ, ಇನ್ನೊಬ್ಬರಿಗೆ ಪ್ರಾಣಸಂಕಟ.

ಬಿಸಿಗಾಳಿಯ ತೂಕವೂ ಕಡಿಮೆ

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಬಿಸಿಗಾಳಿ ಹಗುರ. 46 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 10ರಷ್ಟು ಹಗುರವಾಗಿರುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ವೇಗ ಒಂದೇ ಕಂಡರೂ ಬಿಸಿಗಾಳಿ ಹಾಯಿಯನ್ನು ತಳ್ಳುವ ಬಲ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಬಿಸಿಗಾಳಿ ತಗ್ಗಿ ಸಮುದ್ರದ ತಂಪು ಗಾಳಿ ಬಂದಾಗ ಅದೇ ವೇಗಕ್ಕೆ ಹೆಚ್ಚು ಹೊಡೆತ ಬೀಳುತ್ತದೆ. ಅಂದರೆ "ಬಿಸಿ ಹೆಚ್ಚಿದ್ದರೆ ಗಾಳಿಗೆ ಬಲ ಹೆಚ್ಚು" ಎಂಬ ಮಾತು ಈ ಲೆಕ್ಕದಲ್ಲೂ ತಲೆಕೆಳಗೆ.

ಸ್ಯಾನ್ ಫ್ರಾನ್ಸಿಸ್ಕೊ: ಮಂಜು ಇದ್ದರೆ ಗಾಳಿ ಇದೆ

ಕೊಲಂಬಿಯಾ ಕಣಿವೆಯಿಂದ ದಕ್ಷಿಣಕ್ಕೆ ಬಂದರೆ ಇದೇ ಸೂತ್ರದ ಇನ್ನೊಂದು ಉದಾಹರಣೆ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಎದುರಿನ ಸಮುದ್ರ ಬೇಸಿಗೆಯಲ್ಲೂ 12ರಿಂದ 15 ಡಿಗ್ರಿಯಷ್ಟೇ ಇರುತ್ತದೆ. ಆಳದ ತಣ್ಣೀರು ಮೇಲೆ ಬರುವುದೇ ಇದಕ್ಕೆ ಕಾರಣ. ಒಳನಾಡಿನ ಸೆಂಟ್ರಲ್ ವ್ಯಾಲಿ ಮಾತ್ರ 38–40 ಡಿಗ್ರಿಗೆ ಕಾಯುತ್ತದೆ. ಇವೆರಡರ ನಡುವೆ ಬೆಟ್ಟಸಾಲು, ಬೆಟ್ಟಸಾಲಿಗೆ ಒಂದೇ ದೊಡ್ಡ ಬಾಗಿಲು: ಗೋಲ್ಡನ್ ಗೇಟ್ ಜಲಸಂಧಿ. ಬೇಸಿಗೆಯ ಮಧ್ಯಾಹ್ನ ತಂಪು ಗಾಳಿ ಮಂಜಿನ ಸಮೇತ ಈ ಬಾಗಿಲಿನಿಂದ ಒಳಗೆ ನುಗ್ಗುತ್ತದೆ. ನಮ್ಮವರು ಜುಲೈನಲ್ಲಿ ಅಲ್ಲಿಗೆ ಹೋಗಿ ಸ್ವೆಟರ್ ಹುಡುಕುವುದು ಇದಕ್ಕೇ. ವಿಂಡ್‌ಸರ್ಫಿಂಗ್ ಮಾಡುವವರಿಗೆ ಕಡಲ ಮೇಲಿನ ಆ ಮಂಜು ಶುಭಸೂಚನೆ.

ಅಸಹಜ ದಿನ ಹೇಗಿರುತ್ತದೆ? 2017ರ ಸೆಪ್ಟೆಂಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 41 ಡಿಗ್ರಿ ದಾಖಲಾಯಿತು. ಅದು ಆ ನಗರದ ದಾಖಲೆ. ಸಮುದ್ರದ ಪಕ್ಕದ ಊರು ಅಷ್ಟು ಕಾಯಬೇಕಾದರೆ ಸಮುದ್ರದ ಗಾಳಿ ಒಳಗೆ ಬರುತ್ತಿಲ್ಲ ಎಂದೇ ಅರ್ಥ. ಬಿಸಿಲು ದಾಖಲೆ ಮುರಿದಿದ್ದು ಗಾಳಿ ನಿಂತದ್ದರಿಂದ. ಫಾರ್ವರ್ಡ್‌ನ ತರ್ಕ ತಪ್ಪುವುದು ಇಲ್ಲೇ. ಅದು ಬಿಸಿಲನ್ನು ಕಾರಣ, ಗಾಳಿಯನ್ನು ಫಲ ಎಂದುಕೊಂಡಿದೆ. ಇಂಥ ದಿನಗಳಲ್ಲಿ ಗಾಳಿ ಇಲ್ಲದ್ದೇ ಕಾರಣ, ಬಿಸಿಲು ಅದರ ಫಲ.

ಇಲ್ಲಿಯ ಅಪಾಯ ಬೇರೆ ರೀತಿಯದು. ಇಳಿತದ ಹೊತ್ತಿಗೆ ಕೊಲ್ಲಿಯ ನೀರು ಗೋಲ್ಡನ್ ಗೇಟ್ ಮೂಲಕ ಹೊರಸಮುದ್ರಕ್ಕೆ ಬಿರುಸಾಗಿ ಹರಿಯುತ್ತದೆ. ನಡುವೆ ಗಾಳಿ ನಿಂತರೆ ಹಲಗೆಯ ಮೇಲಿರುವವರು ಆ ಸೆಳೆತಕ್ಕೆ ಸಿಕ್ಕಿ ಸೇತುವೆಯ ಕೆಳಗಿನಿಂದ ಆಚೆಗೆ ಸಾಗಬಹುದು. ಆದ್ದರಿಂದ ಅಲ್ಲಿ ಗಾಳಿಯ ಜೊತೆ ಉಬ್ಬರವಿಳಿತದ ವೇಳಾಪಟ್ಟಿಯನ್ನೂ ನೋಡಲೇಬೇಕು.

ಹೊಗೆ ಬಂದರೆ ಗಾಳಿಗೆ ಏನಾಗುತ್ತದೆ?

ಒಣ ಬೇಸಿಗೆ ಎಂದರೆ ಕಾಡ್ಗಿಚ್ಚು. 2017ರ ಸೆಪ್ಟೆಂಬರ್‌ನಲ್ಲಿ ಕೊಲಂಬಿಯಾ ಕಣಿವೆಯಲ್ಲೇ ಪಟಾಕಿಯ ಕಿಡಿಯಿಂದ ಹೊತ್ತಿಕೊಂಡ ಈಗಲ್ ಕ್ರೀಕ್ ಬೆಂಕಿ ಸುಮಾರು 20,000 ಹೆಕ್ಟೇರ್ ಸುಟ್ಟಿತು. ಕಿಡಿಗಳು ನದಿ ದಾಟಿ ಎದುರು ದಡಕ್ಕೂ ಹಾರಿದವು. 2020ರ ಸೆಪ್ಟೆಂಬರ್ 7ರ ಸುಮಾರಿಗೆ ಎದ್ದ ಬಿರುಸಾದ ಮೂಡಣ ಗಾಳಿ ಆರೆಗನ್‌ನ ಹಲವೆಡೆ ಬೆಂಕಿಯನ್ನು ಹಬ್ಬಿಸಿತು. ಆ ವರ್ಷ ರಾಜ್ಯದಲ್ಲಿ ಸುಟ್ಟ ನೆಲ 4 ಲಕ್ಷ ಹೆಕ್ಟೇರ್ ಮೀರಿತು. ಬೇಸಿಗೆಯ ತಿಂಗಳಲ್ಲಿ ಮೂಡಣ ಗಾಳಿ ಎದ್ದರೆ ಅಲ್ಲಿಯವರು ಬೆಚ್ಚಿಬೀಳುವುದು ಇಂಥ ನೆನಪುಗಳಿಂದ.

ಹೊಗೆಯ ದಟ್ಟ ಪದರ ಬಿಸಿಲನ್ನು ತಡೆಯುತ್ತದೆ. ಒಳನಾಡು ಎಂದಿನಷ್ಟು ಕಾಯುವುದಿಲ್ಲ. ವ್ಯತ್ಯಾಸ ಕುಗ್ಗಿ ಗಾಳಿಯೂ ಕುಗ್ಗಬಹುದು. ಆದರೆ ಇಲ್ಲಿ ಗಾಳಿಗಿಂತ ದೊಡ್ಡ ಚಿಂತೆ ಶ್ವಾಸಕೋಶದ್ದು. ಹಾಯಿ ಹಿಡಿದು ದುಡಿಯುವಾಗ ಉಸಿರಾಟ ಹಲವು ಪಟ್ಟು ಹೆಚ್ಚುತ್ತದೆ, ಹೊಗೆಯ ಸೂಕ್ಷ್ಮ ಕಣಗಳೂ ಅಷ್ಟೇ ಒಳಗೆ ಹೋಗುತ್ತವೆ. "ನದಿಯ ಮೇಲೆ ಗಾಳಿ ಶುದ್ಧವಾಗಿರುತ್ತದೆ" ಎಂಬುದಕ್ಕೆ ಆಧಾರವಿಲ್ಲ. ಹೊಗೆಗೆ ನೆಲ, ನೀರು ಎಂಬ ಭೇದವಿಲ್ಲ. ವಾಯು ಗುಣಮಟ್ಟದ ಸೂಚ್ಯಂಕ 150 ದಾಟಿದ ದಿನ ನೀರಿಗಿಳಿಯದಿರುವುದೇ ಸರಿ. ಆಸ್ತಮಾ, ಹೃದಯದ ತೊಂದರೆ ಇರುವವರು 100 ದಾಟಿದಾಗಲೇ ಎಚ್ಚರವಹಿಸಬೇಕು.

ಗಾಳಿಯಷ್ಟೇ ಅಲ್ಲ, ನೀರೂ ಬದಲಾಗುತ್ತದೆ

2015ರಲ್ಲಿ ಆರೆಗನ್ ಮತ್ತು ವಾಷಿಂಗ್ಟನ್ ಪರ್ವತಗಳಲ್ಲಿ ಹಿಮ ತೀರಾ ಕಡಿಮೆ ಬಿದ್ದಿತ್ತು. ಬೇಸಿಗೆ ಬೇಗ ಕಾಯಿತು. ಕೊಲಂಬಿಯಾ ನದಿಯ ನೀರು ಜೂನ್–ಜುಲೈನಲ್ಲೇ 20 ಡಿಗ್ರಿ ದಾಟಿತು. ತಣ್ಣೀರಿನ ಮೀನಾದ ಸಾಕೈ ಸಾಲ್ಮನ್ ಆ ವರ್ಷ ನದಿ ಮತ್ತು ಅದರ ಉಪನದಿಗಳಲ್ಲಿ ಸುಮಾರು 2.5 ಲಕ್ಷ ಸತ್ತವು. ಹರಿವು ತಗ್ಗಿದರೆ ಗಾಳಿ–ಹರಿವಿನ ಜಗಳವೂ ತಗ್ಗುತ್ತದೆ, ಹಾಗಾಗಿ ಅಲೆಗಳು ಚಿಕ್ಕವಾಗುತ್ತವೆ. ಗಾಳಿ ಅಷ್ಟೇ ಇದ್ದರೂ ಆಟ ಬೇರೆಯಾಗುತ್ತದೆ.

ಇದಕ್ಕೆ ವಿರುದ್ಧದ ಸ್ಥಿತಿಯೇ ಹೆಚ್ಚು ಅಪಾಯಕಾರಿ. ಬೇಸಿಗೆಯ ಆರಂಭದಲ್ಲೇ ಬಿಸಿಲಲೆ ಬಂದರೆ ಹಿಮ ಬೇಗ ಕರಗಿ ಉಪನದಿಗಳಲ್ಲಿ ನೀರು ಉಕ್ಕುತ್ತದೆ. ಹೊರಗೆ 38 ಡಿಗ್ರಿ, ನೀರು ಹಿಮದಿಂದ ಬಂದದ್ದು. ಬೆವರುತ್ತಿರುವ ಮೈ ಥಟ್ಟನೆ 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಬಿದ್ದರೆ ಉಸಿರು ತಾನಾಗಿಯೇ ಒಳಗೆಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಈಜು ಬಲ್ಲವರೂ ಮುಳುಗಬಹುದು. "ನನಗೆ ಈಜು ಬರುತ್ತದೆ, ಲೈಫ್ ಜಾಕೆಟ್ ಯಾಕೆ?" ಎನ್ನುವವರಿಗೆ ಉತ್ತರ ಇದೇ. ಮೊದಲ ಒಂದು ನಿಮಿಷ ತಲೆಯನ್ನು ನೀರಿನ ಮೇಲಿಡುವ ಕೆಲಸ ಜಾಕೆಟ್ ಮಾಡುತ್ತದೆ.

ಎಲ್ ನಿನೊ, ಹವಾಮಾನ ಬದಲಾವಣೆ: ಎಲ್ಲಕ್ಕೂ ಇದೇ ಕಾರಣವೇ?

"ಈ ಸಲ ಎಲ್ ನಿನೊ, ಅದಕ್ಕೇ ಗಾಳಿ ಇಲ್ಲ" ಎಂಬ ಮಾತೂ ಓಡಾಡುತ್ತದೆ. ಅಮೆರಿಕದ ವಾಯವ್ಯ ಭಾಗದ ಮೇಲೆ ಎಲ್ ನಿನೊ ಪ್ರಭಾವ ಎದ್ದು ಕಾಣುವುದು ಚಳಿಗಾಲದಲ್ಲಿ. ಬೇಸಿಗೆಯ ಒಂದು ದಿನ ಅಥವಾ ಒಂದು ವಾರ ಗಾಳಿ ನಿಂತದ್ದಕ್ಕೆ ಅದನ್ನೇ ಹೊಣೆ ಮಾಡಲಾಗದು. ನೋಡಬೇಕಾದದ್ದು ಆ ದಿನದ ಒತ್ತಡದ ನಕ್ಷೆ.

ಹವಾಮಾನ ಬದಲಾವಣೆಯ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. 2021ರ ಬಿಸಿಲಲೆಯನ್ನು ಅಧ್ಯಯನ ಮಾಡಿದ ವರ್ಲ್ಡ್ ವೆದರ್ ಆ್ಯಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ, ಮನುಷ್ಯರಿಂದಾದ ಹವಾಮಾನ ಬದಲಾವಣೆ ಇಲ್ಲದಿದ್ದರೆ ಅಂಥ ಬಿಸಿಲು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು ಎಂದಿತು. ಆ ತೀರ್ಮಾನ ಬಿಸಿಲಿನ ಬಗ್ಗೆ. ಅದನ್ನು ಹಿಡಿದು "ಇನ್ನು ಗಾಳಿಯೇ ಇರುವುದಿಲ್ಲ" ಎಂದೋ "ಇನ್ನು ಗಾಳಿ ದುಪ್ಪಟ್ಟು" ಎಂದೋ ಬರೆದರೆ ಅದು ಅಧ್ಯಯನದ ಮಾತಲ್ಲ, ಫಾರ್ವರ್ಡ್ ಬರೆದವರ ಮಾತು.

ನಮ್ಮ ಕರಾವಳಿಗೂ ಇದೇ ಸೂತ್ರ

ಮಂಗಳೂರು, ಉಡುಪಿ, ಕಾರವಾರದ ಜನರಿಗೆ ಇದು ಹೊಸದಲ್ಲ. ಹಗಲು ನೆಲ ಕಾದು ಮಧ್ಯಾಹ್ನ ಕಡಲಿನಿಂದ ಗಾಳಿ ಬರುತ್ತದೆ. ರಾತ್ರಿ ನೆಲ ತಣಿದು ಬೆಳಗಿನ ಜಾವ ನೆಲದಿಂದ ಕಡಲಿನತ್ತ ಬೀಸುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಗಿನ ಗಾಳಿಯಲ್ಲಿ ಕಡಲಿಗೆ ಹೋಗಿ, ಮಧ್ಯಾಹ್ನದ ಗಾಳಿಯಲ್ಲಿ ದಡಕ್ಕೆ ಬರುತ್ತಿದ್ದದ್ದು ಈ ಲೆಕ್ಕದ ಮೇಲೆಯೇ. ಅವರು ನೋಡುತ್ತಿದ್ದದ್ದು ಎಷ್ಟು ಸೆಕೆ ಎಂದಲ್ಲ, ಗಾಳಿ ಎತ್ತ ಕಡೆಗೆ ಎಂದು. ಮುಂಗಾರು ಕೂಡ ನೆಲ–ಕಡಲಿನ ಇದೇ ವ್ಯತ್ಯಾಸದ ಬೃಹತ್ ರೂಪ.

ನೀರಿಗಿಳಿಯುವ ಮುನ್ನ ನೋಡಬೇಕಾದದ್ದು

1. ಉಷ್ಣಾಂಶ ಒಂದೇ ಸಾಲದು. ಎರಡು ಕಡೆಯ ವ್ಯತ್ಯಾಸ ನೋಡಿ. ಕೊಲಂಬಿಯಾ ಕಣಿವೆಯಲ್ಲಿ ಪೋರ್ಟ್‌ಲ್ಯಾಂಡ್ ಮತ್ತು ದಿ ಡಾಲ್ಸ್ ಊರುಗಳ ವಾಯುಭಾರವನ್ನು ಹೋಲಿಸುವುದು ರೂಢಿ. ಪೋರ್ಟ್‌ಲ್ಯಾಂಡ್‌ನದು ಹೆಚ್ಚಿದ್ದರೆ ಪಡುವಣ ಗಾಳಿ, ಕಡಿಮೆ ಇದ್ದರೆ ಮೂಡಣ ಗಾಳಿ.

2. ಸರಾಸರಿ ವೇಗದ ಜೊತೆ ಬೀಸುವ ರಭಸವನ್ನೂ ನೋಡಿ. ಆ್ಯಪ್‌ನಲ್ಲಿ ಎರಡೂ ಬೇರೆ ಬೇರೆ ಅಂಕಿ. ಇವೆರಡರ ಅಂತರ ಹೆಚ್ಚಿದ್ದರೆ ಗಾಳಿ ಎಳೆದೆಳೆದು ಬೀಸುತ್ತದೆ, ಹೊಸಬರಿಗೆ ಅದು ತಕ್ಕದ್ದಲ್ಲ.

3. ಗಾಳಿ ದಡದಿಂದ ನೀರಿನತ್ತ ಬೀಸುತ್ತಿದ್ದರೆ ಇಳಿಯಬೇಡಿ. ದಡದ ಬಳಿ ನೀರು ಶಾಂತವಾಗಿ ಕಂಡು ಮೋಸ ಮಾಡುತ್ತದೆ. ಒಳಗೆ ಹೋದಂತೆ ಗಾಳಿ ಬಲವಾಗಿ, ಮರಳುವುದು ಕಷ್ಟವಾಗುತ್ತದೆ.

4. ಬಿಸಿಲಲೆ ಮುಗಿಯುವ ದಿನ ವಿಶೇಷ ಎಚ್ಚರ. "ನಾಳೆಯಿಂದ ತಂಪು" ಎಂಬ ಮುನ್ಸೂಚನೆ ಇದ್ದರೆ ಇವತ್ತಿನ ಸಂಜೆ ಗಾಳಿ ನುಗ್ಗುವ ಸಾಧ್ಯತೆ ಇದೆ ಎಂದೇ ತಿಳಿಯಿರಿ.

5. ಬಟ್ಟೆ ಹಾಕಿಕೊಳ್ಳುವುದು ನೀರಿನ ತಣುವಿಗೆ ತಕ್ಕಂತೆ, ಹೊರಗಿನ ಬಿಸಿಲಿಗೆ ತಕ್ಕಂತೆ ಅಲ್ಲ. ವೆಟ್‌ಸೂಟ್, ಲೈಫ್ ಜಾಕೆಟ್ ಎರಡೂ ಇರಲಿ.

6. ಹಾಯಿ ಮುರಿದರೆ, ಗಾಳಿ ನಿಂತರೆ ಹಲಗೆಯನ್ನು ಬಿಡಬೇಡಿ. ಅದು ತೇಲುತ್ತದೆ, ದೂರದಿಂದ ಕಾಣುತ್ತದೆ. ಈಜಿ ದಡ ಸೇರುವ ಸಾಹಸ ಬೇಡ. ಕೊಲಂಬಿಯಾದಲ್ಲಿ ಸರಕಿನ ದೊಡ್ಡ ದೋಣಿಗಳು ಓಡಾಡುತ್ತವೆ, ಅವು ತಕ್ಷಣ ನಿಲ್ಲಲಾರವು.

ನಮ್ಮ ತೀರ್ಮಾನ

"ಬಿಸಿಲು ಹೆಚ್ಚಿದಷ್ಟೂ ಗಾಳಿ ಹೆಚ್ಚು" ಎಂಬುದು ದಾರಿ ತಪ್ಪಿಸುವ ಅರ್ಧಸತ್ಯ. ಒಳನಾಡು ಬಿಸಿಯಾಗಿ ಕರಾವಳಿ ತಂಪಾಗಿರುವ ಸಾಮಾನ್ಯ ಬೇಸಿಗೆಗೆ ಅದು ಒಪ್ಪುತ್ತದೆ. ಎಲ್ಲೆಲ್ಲೂ ಕಾಯುವ ಅಸಹಜ ದಿನಗಳಲ್ಲಿ ಗಾಳಿ ನಿಲ್ಲಬಹುದು, ತಿರುಗಬಹುದು, ಆಮೇಲೆ ಒಮ್ಮೆಲೇ ಎರಗಬಹುದು. ಈ ಮೂರರಲ್ಲಿ ಯಾವುದೂ ಹೊಸಬರು ನೀರಿಗಿಳಿಯುವ ಹೊತ್ತಲ್ಲ.

ನಿಮ್ಮ ಗುಂಪಿಗೆ ಆ ಸಂದೇಶ ಮತ್ತೆ ಬಂದರೆ, ಅದರ ಕೆಳಗೆ ಇಷ್ಟನ್ನು ನಕಲು ಮಾಡಿ ಹಾಕಿ:

"ಗಾಳಿ ಹುಟ್ಟುವುದು ಬಿಸಿಲಿನಿಂದಲ್ಲ, ಬಿಸಿ–ತಂಪಿನ ವ್ಯತ್ಯಾಸದಿಂದ. ದಾಖಲೆ ಬಿಸಿಲಿನ ದಿನ ಗಾಳಿ ನಿಂತಿರಬಹುದು, ಸಂಜೆ ಒಮ್ಮೆಲೇ ನುಗ್ಗಬಹುದು. ನೀರು ತಣ್ಣಗಿರುತ್ತದೆ. ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ. ಮೊದಲು ಅಲ್ಲಿಯ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ."